ನಮ್ಮ ಮಕ್ಕಳಿಗೆ ದೇವರು ನೇಮಿಸಿದ ಕೆಲಸ

ಪ್ರತಿ ವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮಾರನೆಯ ದಿನದಿಂದ ನಮ್ಮ ಕಚೇರಿಯ ಮುಂದಿನ ಬೆಂಚು ಬರಿದಾಗಿರುವುದಿಲ್ಲ. ಕಡೂರಿನಿಂದಲೂ ತರೀಕೆರೆಯಿಂದಲೂ ಅಜ್ಜಂಪುರದ ಕಡೆಯ ಹಳ್ಳಿಗಳಿಂದಲೂ ತಂದೆತಾಯಿಗಳು ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬಂದವರು ಕುಳಿತು ದಣಿವಾರಿಸಿಕೊಂಡು, ಮೊದಲು ಅಂಕಗಳ ಮಾತನ್ನು ಮುಗಿಸಿ, ಆಮೇಲೆ ಎಲ್ಲರೂ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: “ಟೀಚರಮ್ಮಾ, ಇವಳನ್ನು ಮುಂದೆ ಏನು ಮಾಡಿಸೋಣ?” ಪ್ರಶ್ನೆಯು ನಮ್ಮನ್ನು ಕುರಿತದ್ದು. ಯಾರ ಜೀವನದ ಮಾತು ನಡೆಯುತ್ತಿರುವುದೋ ಆ ಹುಡುಗಿಯಾದರೋ ಬಾಗಿಲಿನ ಪಕ್ಕದಲ್ಲಿ ನೆಲವನ್ನು ನೋಡುತ್ತ ನಿಂತಿರುತ್ತಾಳೆ.

ಈ ಪ್ರಶ್ನೆಗೆ ಇಷ್ಟು ವರ್ಷಗಳಿಂದ ನಾವು ಕೊಡುತ್ತ ಬಂದಿರುವ ಉತ್ತರಗಳಲ್ಲಿ ಕೆಲವು ಸರಿಯಾದವು, ಕೆಲವು ತಪ್ಪಾದವು. ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶಾಲೆಯ ಅಭಿವೃದ್ಧಿಯ ವರದಿಯನ್ನು ಬೇರೆಯವರು ಬರೆಯುವರೆಂದು ತಿಳಿದು, ನಾವು ಈ ವಿಷಯವನ್ನೇ ಆರಿಸಿಕೊಂಡೆವು. ಕ್ರೈಸ್ತ ಬಾಲಕ ಬಾಲಿಕೆಯರು ತಮ್ಮ ಜೀವನದ ವಿಷಯದಲ್ಲಿ ದೇವರ ಚಿತ್ತವೇನೆಂಬುದನ್ನು ತಿಳಿದುಕೊಳ್ಳುವುದಕ್ಕೆ ಹಿರಿಯರಾದ ನಾವು ಹೇಗೆ ನೆರವಾಗಬೇಕು, ಎಲ್ಲಿ ಮಾತನಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದೇ ಆ ವಿಷಯ. ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಹಿಂದೂಗಳೂ ಮುಸಲ್ಮಾನರೂ ಅನೇಕರಿರುವರು. ನಾವು ಇಲ್ಲಿ ನಮ್ಮ ಸಭೆಯ ಮಾತಿನಲ್ಲಿ ಬರೆಯುತ್ತೇವೆಯಾದರೂ, ಮಗಳನ್ನು ಹೆತ್ತ ಯಾವ ತಾಯಿಗೂ ಇದು ಪರಕೀಯವಾದ ವಿಷಯವಾಗಲಾರದೆಂದು ನಂಬಿರುವೆವು.

ಮೊದಲು ನಮ್ಮಲ್ಲಿ ಬೇರೂರಿರುವ ಮೂರು ತಪ್ಪು ಭಾವನೆಗಳನ್ನು ಹೇಳಿಬಿಡುವೆವು.

ಒಂದನೆಯದು, ದೇವರ ಕರೆಯೆಂಬುದು ಸಭಾಪಾಲಕರಿಗೂ ಸುವಾರ್ತಿಕರಿಗೂ ಮಾತ್ರ ಬರತಕ್ಕದ್ದು, ಉಳಿದವರು ಹೊಟ್ಟೆಪಾಡಿಗಾಗಿ ಏನನ್ನಾದರೂ ಮಾಡಿಕೊಳ್ಳಬಹುದು ಎಂಬ ಭಾವನೆ. ನಮ್ಮ ಅಜ್ಜಿಯರ ಕಾಲದಲ್ಲಿ ಮಿಶನ್ ಶಾಲೆಯಲ್ಲಿ ಓದಿದ ಹುಡುಗಿಯ ಮುಂದೆ ಮೂರೇ ಬಾಗಿಲುಗಳಿದ್ದವು. ಅವಳು ಉಪಾಧ್ಯಾಯಿನಿಯಾಗಬಹುದಾಗಿತ್ತು, ದಾದಿಯಾಗಬಹುದಾಗಿತ್ತು, ಅಥವಾ ಮನೆಮನೆಗೆ ಹೋಗಿ ವೇದಪಾಠ ಹೇಳುವ ಬೈಬಲ್ ಅಮ್ಮನಾಗಬಹುದಾಗಿತ್ತು. ಆ ಬಾಗಿಲುಗಳಿಂದ ಹೊರಟವರ ಸೇವೆಯನ್ನು ಈ ಸೀಮೆಯು ಮರೆಯಲಾರದು. ಮೈಸೂರಿನಲ್ಲಿ ವೆಸ್ಲಿಯನ್ ಮಿಶನ್ನಿನವರು ಹೆಂಗಸರಿಗಾಗಿಯೂ ಮಕ್ಕಳಿಗಾಗಿಯೂ ೧೯೦೬ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಂಥ ಸ್ಥಳಗಳು ಕಟ್ಟಡದಿಂದಲೇ ಹೆಸರಾದುವಲ್ಲ, ರಾತ್ರಿಯೆಲ್ಲ ಎಚ್ಚರವಿದ್ದ ದಾದಿಯರಿಂದ ಹೆಸರಾದುವು. ಆದರೆ ಬಾಗಿಲುಗಳು ಮೂರೇ ಇದ್ದುದು ಆ ಕಾಲದ ಬಡತನವೇ ಹೊರತು ದೇವರ ಸಂಕೋಚವಲ್ಲ. ಫಿಲಿಪ್ಪಿ ಪಟ್ಟಣದ ಹೊಳೆಯ ದಡದಲ್ಲಿ ಪೌಲನ ಬೋಧನೆಯನ್ನು ಕೇಳಿದ ಲುದ್ಯಳು ಧೂಮ್ರವರ್ಣದ ವಸ್ತ್ರಗಳನ್ನು ಮಾರುವ ವ್ಯಾಪಾರಿಯಾಗಿದ್ದಳು. ಅವಳು ಅಂಗಡಿಯನ್ನು ಮುಚ್ಚಿದಳೆಂದು ಎಲ್ಲಿಯೂ ಬರೆದಿಲ್ಲ, ಮನೆಯನ್ನು ತೆರೆದಳೆಂದು ಬರೆದಿದೆ. ಯೊಪ್ಪದ ದೊರ್ಕಳು ಸೂಜಿದಾರಗಳಿಂದಲೇ ವಿಧವೆಯರಿಗೆ ತಾಯಾದಳು. ಹೀಗಿರಲಾಗಿ, ತರೀಕೆರೆಯ ಕೋರ್ಟಿನಲ್ಲಿ ವಾದಿಸುವ ವಕೀಲಳಿಗೂ, ಕಡೂರಿನ ಬ್ಯಾಂಕಿನಲ್ಲಿ ಹಳ್ಳಿಯ ಅಜ್ಜಿಯ ಚೀಟಿಯನ್ನು ತಾಳ್ಮೆಯಿಂದ ತುಂಬಿಕೊಡುವ ಗುಮಾಸ್ತೆಗೂ, ಅಜ್ಜಂಪುರದ ಕಡೆ ಹೊಲದ ಮಣ್ಣನ್ನು ಪರೀಕ್ಷಿಸುವ ಕೃಷಿ ಅಧಿಕಾರಿಣಿಗೂ ಕರೆಯಿಲ್ಲವೆಂದು ಹೇಳಲು ನಮಗೆ ಅಧಿಕಾರವೆಲ್ಲಿ?

ಎರಡನೆಯದು, ಕರೆಯು ಕನಸಿನಲ್ಲಿಯೋ ಅದ್ಭುತವಾದ ಗುರುತಿನಿಂದಲೋ ಬರಬೇಕೆಂಬ ಭಾವನೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದು, ಬೆರಳಿಟ್ಟ ವಚನವೇ ದೇವರ ಉತ್ತರವೆಂದು ತಿಳಿಯುವ ಹುಡುಗಿಯರನ್ನು ನಾವು ಕಂಡಿದ್ದೇವೆ. ಹೊಸ ವರ್ಷದ ಆರಾಧನೆಯಲ್ಲಿ ತೆಗೆದುಕೊಂಡ ವಾಗ್ದಾನದ ಚೀಟಿಯಲ್ಲಿ ‘ಪ್ರಯಾಣ’ ಎಂಬ ಮಾತು ಇದ್ದುದರಿಂದ ತಾನು ವಿದೇಶಕ್ಕೆ ಹೋಗಬೇಕಾದುದು ದೇವರ ಚಿತ್ತವೆಂದು ವಾದಿಸಿದವಳೂ ಉಂಟು. ಈಗಲಾದರೋ ಬೆಳಗಾದರೆ ಮೊಬೈಲಿನಲ್ಲಿ ದಿನದ ವಚನ ಬಂದಿರುತ್ತದೆ. ಈ ಪದ್ಧತಿಗಳನ್ನು ನಾವು ಹಾಸ್ಯ ಮಾಡುವುದಿಲ್ಲ. ಒಂದು ಮಾತು ಮನಸ್ಸಿಗೆ ಧೈರ್ಯ ಕೊಟ್ಟರೆ ಅದು ಒಳ್ಳೆಯದೇ. ಆದರೆ ದೇವರು ನಮಗೆ ಬುದ್ಧಿಯನ್ನು ಕೊಟ್ಟಿರುವುದು ಚೀಟಿ ಎತ್ತುವುದಕ್ಕಲ್ಲ. ಗುರುತಿಗಾಗಿ ಕಾಯುತ್ತ ಕುಳಿತವಳು ಅನೇಕ ವೇಳೆ ಕಾಲೇಜಿನ ಅರ್ಜಿಯ ದಿನವನ್ನು ತಪ್ಪಿಸಿಕೊಂಡು, ಬಾಗಿಲು ಮುಚ್ಚಿದ್ದು ದೇವರಿಂದಲೇ ಎಂದು ಅಳುತ್ತಾಳೆ.

ಮೂರನೆಯದನ್ನು ಹೇಳುವುದು ಕಷ್ಟ, ಹೇಳದಿರುವುದು ಇನ್ನೂ ಕಷ್ಟ. ತಂದೆತಾಯಿಗಳಾದ ನಾವು ನಮ್ಮ ಇಚ್ಛೆಗೆ ದೇವರ ಚಿತ್ತವೆಂಬ ಹೆಸರನ್ನು ಇಡುವ ಅಭ್ಯಾಸವೇ ಅದು. ನೆರೆಮನೆಯವರ ಮಗಳು ಇಂಜಿನಿಯರಿಂಗಿಗೆ ಸೇರಿದಳು, ನಮ್ಮವಳೂ ಸೇರಲಿ ಎಂದು ಹೇಳಿದರೆ ಮಗಳು ಎದುರು ಮಾತನಾಡಬಹುದು. ‘ಪ್ರಾರ್ಥನೆ ಮಾಡಿದೆವು, ಕರ್ತನು ದಾರಿ ತೋರಿಸಿದನು’ ಎಂದು ಹೇಳಿಬಿಟ್ಟರೆ ಅವಳು ಯಾರೊಡನೆ ವಾದಿಸಬೇಕು? ತಂದೆಯೊಡನೆಯೋ, ದೇವರೊಡನೆಯೋ? ಆ ಮಾತಿನಿಂದ ಮಗಳ ಬಾಯಿ ಕಟ್ಟುವುದು ಸುಲಭ. ಮುಂದೆ ಆ ಕೆಲಸದಲ್ಲಿ ಅವಳಿಗೆ ದುಃಖವಾದಾಗ ಅವಳ ನಂಬಿಕೆಯೂ ಮುರಿಯುವುದೆಂಬುದನ್ನು ನಾವು ಆಲೋಚಿಸುವುದಿಲ್ಲ.

ಹಾಗಾದರೆ ಹಿರಿಯರ ಕೆಲಸವೇನು? ಬಾಲಕನಾದ ಸಮುವೇಲನ ಕಥೆಯನ್ನು ನಮ್ಮ ಭಾನುವಾರ ಶಾಲೆಯ ಚಿಕ್ಕ ಮಕ್ಕಳೂ ಬಲ್ಲರು. ರಾತ್ರಿಯಲ್ಲಿ ತನ್ನನ್ನು ಯಾರೋ ಕರೆದಂತಾಗಿ ಅವನು ಮೂರು ಸಲ ಮುದುಕನಾದ ಏಲಿಯ ಬಳಿಗೆ ಓಡಿಹೋದನು. ಏಲಿಯು ಮೊದಲೆರಡು ಸಲ ಅವನನ್ನು ಹೋಗಿ ಮಲಗೆಂದು ಕಳುಹಿಸಿದನು. ಮೂರನೆಯ ಸಲ ಅವನಿಗೆ ಅರಿವಾಯಿತು. ಆಗಲಾದರೂ ಅವನು ‘ದೇವರು ನಿನಗೆ ಹೇಳುವುದು ಇಂಥದು’ ಎಂದು ತಾನೇ ಹೇಳಿಬಿಡಲಿಲ್ಲ. ಹೇಗೆ ಉತ್ತರ ಕೊಡಬೇಕೆಂಬುದನ್ನು ಮಾತ್ರ ಕಲಿಸಿ, ಹುಡುಗನನ್ನು ಅವನ ಸ್ಥಳಕ್ಕೆ ಹಿಂದಕ್ಕೆ ಕಳುಹಿಸಿದನು. ಆ ರಾತ್ರಿ ಬಂದ ಸಂದೇಶವು ಏಲಿಯ ಮನೆತನಕ್ಕೇ ವಿರುದ್ಧವಾಗಿತ್ತು. ಬೆಳಿಗ್ಗೆ ಅದನ್ನು ಮುಚ್ಚಿಡದೆ ಹೇಳೆಂದು ಅವನೇ ಕೇಳಿ, ಕೇಳಿದುದನ್ನು ತಾಳಿಕೊಂಡನು. ತನ್ನ ಮಕ್ಕಳನ್ನು ತಿದ್ದಲಾರದೆ ಹೋದ ಆ ಮುದುಕನು ಈ ಒಂದು ರಾತ್ರಿಯಲ್ಲಿ ನಮಗೆಲ್ಲರಿಗೂ ಗುರುವಾದನೆಂದು ನಾವು ಎಣಿಸುವೆವು. ಕೇಳಲು ಕಲಿಸುವುದು, ಒಂಟಿಯಾಗಿ ಬಿಡುವುದು, ಬಂದ ಉತ್ತರವು ನಮಗೆ ಹಿತವಾಗದಿದ್ದರೂ ಕೇಳಿಕೊಳ್ಳುವುದು: ಹಿರಿಯರ ಕರ್ತವ್ಯವೆಲ್ಲ ಈ ಮೂರರಲ್ಲಿ ಅಡಗಿದೆ.

ಈಗ ನಮ್ಮ ಬೆಟ್ಟಗಳಲ್ಲಿಯೇ ಹುಟ್ಟಿದ ಒಬ್ಬ ಹೆಣ್ಣುಮಗಳ ಕಥೆಯನ್ನು ನೆನೆಯೋಣ. ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಲ್ಲುವ ಭದ್ರಾ ನದಿಯು ಹುಟ್ಟುವುದು ಗಂಗಾಮೂಲದಲ್ಲಿ. ಆ ಕಾಡಿನಲ್ಲಿ ೧೮೫೮ರಲ್ಲಿ ಪಂಡಿತಾ ರಮಾಬಾಯಿಯವರು ಹುಟ್ಟಿದರು. ಅವರ ತಂದೆ ಅನಂತ ಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿದುದಕ್ಕಾಗಿ ಜನರ ವಿರೋಧಕ್ಕೆ ಗುರಿಯಾಗಿ ಕಾಡು ಸೇರಿದವರು. ಮಗುವಿಗೆ ಆರು ತಿಂಗಳಾಗುವ ವೇಳೆಗೆ ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಆ ಶಿಶುವನ್ನು ಬೆಟ್ಟದಿಂದ ಕೆಳಕ್ಕೆ ಇಳಿಸಿದರಂತೆ. ಮುಂದೆ ಊರಿಂದೂರಿಗೆ ಪುರಾಣ ಹೇಳುತ್ತ ಅಲೆದ ಆ ಸಂಸಾರವು ಕ್ಷಾಮದಲ್ಲಿ ಸಿಕ್ಕಿ, ತಂದೆಯೂ ತಾಯಿಯೂ ಅಕ್ಕನೂ ತೀರಿಕೊಂಡರು. ಉಳಿದ ಅಣ್ಣತಂಗಿಯರು ಕಾಲ್ನಡಿಗೆಯಲ್ಲಿ ದೇಶವನ್ನು ಸುತ್ತಿ ೧೮೭೮ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಆ ತರುಣಿಯನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ೧೮೮೦ರಲ್ಲಿ ಮದುವೆ, ೧೮೮೨ರಲ್ಲಿ ವೈಧವ್ಯ. ತೊಡೆಯ ಮೇಲೆ ಮನೋರಮೆಯೆಂಬ ಹಸುಗೂಸು.

ಈ ಹಂತದಲ್ಲಿ ನಾವು ಅವರನ್ನು ನೋಡಿದ್ದರೆ ಏನೆನ್ನುತ್ತಿದ್ದೆವು? ಇವಳ ವಿಷಯದಲ್ಲಿ ದೇವರಿಗೆ ಯಾವ ಉದ್ದೇಶವೂ ಇಲ್ಲವೆನ್ನುತ್ತಿದ್ದೆವು. ಅವರಾದರೋ ಅದೇ ೧೮೮೨ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ನಮ್ಮ ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. ತಾವೇ ವೈದ್ಯೆಯಾಗಬೇಕೆಂಬ ಆಸೆಯಿಂದ ೧೮೮೩ರಲ್ಲಿ ಇಂಗ್ಲೆಂಡಿಗೆ ಹೋದರು. ಆ ವರ್ಷವೇ ದೀಕ್ಷಾಸ್ನಾನ ಹೊಂದಿದರು. ಆದರೆ ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯಶಿಕ್ಷಣದ ಬಾಗಿಲು ಅವರಿಗೆ ಮುಚ್ಚಿತು. ನಮ್ಮ ಹುಡುಗಿಯರು ಈ ಸಂಗತಿಯನ್ನು ಚೆನ್ನಾಗಿ ಮನಸ್ಸಿನಲ್ಲಿ ಇಡಬೇಕು. ದೇವರ ಕೆಲಸವೆಂದು ಅವರು ಎಣಿಸಿದ್ದ ದಾರಿಯೇ ಮುಚ್ಚಿಹೋಯಿತು, ಕೆಲಸ ಮಾತ್ರ ನಿಲ್ಲಲಿಲ್ಲ. ಅವರು ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ತಾವೂ ಕಲಿತರು. ಅಮೆರಿಕೆಯಲ್ಲಿ ಶಾಲೆಗಳನ್ನು ನೋಡಿದರು. ೧೮೮೯ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ೧೮೯೬-೯೭ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಅನಾಥ ಬಾಲಿಕೆಯರನ್ನು ನೂರಾರು ಮಂದಿ ಕರೆತಂದು ಕೇಡಗಾಂವಿಯ ಮುಕ್ತಿ ಸದನದಲ್ಲಿ ಸಾಕಿದರು. ಹಸಿವಿನಿಂದ ಹೆತ್ತವರನ್ನು ಕಳೆದುಕೊಂಡವಳಿಗೇ ಆ ಮಕ್ಕಳ ಕಣ್ಣು ಅರ್ಥವಾಯಿತು. ಬಾಲ್ಯದಲ್ಲಿ ತಾಯಿಯು ಬೆಳಗಿನ ಜಾವದಲ್ಲಿ ಕಲಿಸಿದ ಭಾಷಾಜ್ಞಾನವು, ಕೊನೆಗಾಲದಲ್ಲಿ ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಸುಲಭವಾದ ಮರಾಠಿಗೆ ತರುವುದಕ್ಕೆ ಒದಗಿತು. ೧೯೨೨ರಲ್ಲಿ ಅವರು ಕಾಲವಾದರು.

ಈ ಜೀವನದಲ್ಲಿ ದೇವರ ಸಂಕಲ್ಪವು ಒಂದೇ ದಿನ ನಕ್ಷೆಯಂತೆ ಬಿಚ್ಚಿಕೊಳ್ಳಲಿಲ್ಲ. ಮುಂದೆ ನೋಡುವಾಗ ಕತ್ತಲೆ, ಹಿಂದಿರುಗಿ ನೋಡುವಾಗ ದಾರಿ. ನಮ್ಮ ಮಕ್ಕಳಿಗೆ ಹದಿನಾರನೆಯ ವಯಸ್ಸಿನಲ್ಲಿಯೇ ಇಡೀ ದಾರಿ ಕಾಣಬೇಕೆಂದು ಹಟ ಹಿಡಿಯುವುದು ಯಾವ ನ್ಯಾಯ? ಮುಂದಿನ ಹೆಜ್ಜೆಯೊಂದು ಕಂಡರೆ ಸಾಲದೆ?

“ಎಲ್ಲರೂ ರಮಾಬಾಯಿಯರಾಗಲು ಸಾಧ್ಯವೇ?” ಎಂದು ಕೇಳುವಿರಿ. ಸಾಧ್ಯವೂ ಇಲ್ಲ, ಅವಶ್ಯಕವೂ ಇಲ್ಲ. ಆದರೆ ಮುಂದಿನ ಹೆಜ್ಜೆಯನ್ನು ಕಾಣುವುದಕ್ಕೆ ಸಾಮಾನ್ಯ ಹುಡುಗಿಗೂ ಒದಗುವ ಸಹಾಯಗಳು ಕೆಲವುಂಟು.

ಮೊದಲನೆಯದಾಗಿ, ಅವಳಲ್ಲಿರುವ ವರವನ್ನೂ ಅವಳ ಸುತ್ತಲಿರುವ ಕೊರತೆಯನ್ನೂ ಒಟ್ಟಿಗೆ ನೋಡಬೇಕು. ಕಡೂರಿನ ಮಕ್ಕಳು ಭೂಗೋಳದ ಪಾಠದಲ್ಲಿ ಓದಿರುವರಷ್ಟೆ: ವೇದಾ ಎಂಬುದೊಂದು ಹೊಳೆ, ಆವತಿ ಎಂಬುದೊಂದು ಹೊಳೆ. ಎರಡೂ ಕೂಡಿದ ಮೇಲೆಯೇ ಅದಕ್ಕೆ ವೇದಾವತಿಯೆಂಬ ಹೆಸರು ಬಂದು, ಅದು ಮುಂದೆ ಹರಿದು ವಾಣೀವಿಲಾಸ ಸಾಗರವನ್ನು ತುಂಬುತ್ತದೆ. ವರವೊಂದೇ ಇದ್ದರೆ ಅದು ಹೆಮ್ಮೆಗೆ ತಿರುಗಬಹುದು. ಕೊರತೆಯೊಂದನ್ನೇ ನೋಡಿ ಕೈಲಾಗದ ಕೆಲಸಕ್ಕೆ ಇಳಿದರೆ ಬಳಲಿಕೆ ಉಳಿಯುವುದು. ಎರಡೂ ಕೂಡುವ ಸ್ಥಳದಲ್ಲಿ ಕರೆಯನ್ನು ಹುಡುಕಬೇಕು. ವೆಲ್ಲೂರಿನ ವೈದ್ಯಕೀಯ ಕಾಲೇಜನ್ನು ಕಟ್ಟಿದ ಐಡಾ ಸ್ಕಡರ್ ಅಮ್ಮನವರು ತಾರುಣ್ಯದಲ್ಲಿ ಮಿಶನೆರಿಯಾಗಲು ಒಲ್ಲದವರಾಗಿದ್ದರು. ಒಂದು ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರು ಬಂದು, ಹೆರಿಗೆಯಲ್ಲಿ ಕಷ್ಟಪಡುತ್ತಿದ್ದ ತಮ್ಮ ಹೆಂಡಿರನ್ನು ಉಳಿಸಬೇಕೆಂದು ಬೇಡಿದರು. ವೈದ್ಯರಾದ ತಂದೆಯನ್ನು ಕಳುಹಿಸುವೆನೆಂದರೆ, ಗಂಡಸು ಬರಕೂಡದೆಂದು ಹಿಂದಿರುಗಿದರು. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ಸತ್ತಿದ್ದರು. ಆಕಾಶದಿಂದ ಧ್ವನಿ ಬರಲಿಲ್ಲ, ಬಾಗಿಲನ್ನು ಮೂರು ಸಲ ತಟ್ಟಿದುದೇ ಕರೆಯಾಯಿತು. ೧೮೯೯ರಲ್ಲಿ ವೈದ್ಯಪದವಿ ಪಡೆದು ಮರುವರ್ಷ ಅವರು ಹಿಂದಿರುಗಿದರು; ೧೯೧೮ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಶಾಲೆಯನ್ನು ಆರಂಭಿಸಿದರು. ನಮ್ಮ ಮನೆಯ ಬಾಗಿಲನ್ನು ಯಾರು ತಟ್ಟುತ್ತಿರುವರೆಂಬುದನ್ನು ಮಗಳೊಡನೆ ಕುಳಿತು ಕೇಳುವ ತಂದೆತಾಯಿಗಳು ಧನ್ಯರು.

ಎರಡನೆಯದಾಗಿ, ಕೆಲಸವನ್ನು ಸ್ವಲ್ಪ ಮಾಡಿ ನೋಡಲು ಅವಕಾಶ ಕೊಡಬೇಕು. ಅಜ್ಜಂಪುರದ ಅಮೃತಮಹಲ್ ತಳಿಯ ಹೆಸರನ್ನು ಅರಿಯದವರು ಈ ಸೀಮೆಯಲ್ಲಿಲ್ಲ. ಆ ಶಕ್ತಿವಂತವಾದ ತಳಿಯ ಹೋರಿಗೂ ಎಳೆಯದರಲ್ಲಿ ಯಾರೂ ಭಾರದ ಗಾಡಿ ಕಟ್ಟುವುದಿಲ್ಲ. ಕಾವಲಿನಲ್ಲಿ ಬೆಳೆಯಬಿಟ್ಟು, ಮೆಲ್ಲಮೆಲ್ಲನೆ ನೊಗಕ್ಕೆ ಪಳಗಿಸುತ್ತಾರೆ. ನಮ್ಮ ಮಕ್ಕಳನ್ನಾದರೋ ಒಂದು ದಿನವೂ ಆಸ್ಪತ್ರೆಯ ಒಳಗನ್ನು ತೋರಿಸದೆ ದಾದಿಯಾಗೆನ್ನುತ್ತೇವೆ. ಚಿಕ್ಕ ಮಕ್ಕಳಿಗೆ ಒಂದು ಪಾಠವನ್ನೂ ಹೇಳಿಸದೆ ಉಪಾಧ್ಯಾಯಿನಿಯಾಗೆನ್ನುತ್ತೇವೆ. ಭಾನುವಾರ ಶಾಲೆಯಲ್ಲಿ ಒಂದು ತರಗತಿ, ಬೇಸಗೆಯ ರಜೆಯಲ್ಲಿ ಅಂಗಡಿಯ ಲೆಕ್ಕ, ಹಾಸಿಗೆ ಹಿಡಿದ ಅಜ್ಜಿಯ ಸೇವೆ, ತೋಟದ ನೀರಾವರಿಯ ನಿಗಾ: ಇವುಗಳಲ್ಲಿಯೇ ಹುಡುಗಿಯ ಮನಸ್ಸು ಎಲ್ಲಿ ಅರಳುವುದು, ಎಲ್ಲಿ ಬಾಡುವುದು ಎಂಬುದು ತಿಳಿದುಬರುತ್ತದೆ.

ಮೂರನೆಯದಾಗಿ, ಪ್ರಾರ್ಥನೆ ಮತ್ತು ಆಲೋಚನೆ. ಪ್ರಾರ್ಥನೆಯೆಂದರೆ ನಾವು ಆಗಲೇ ಮಾಡಿಕೊಂಡ ತೀರ್ಮಾನಕ್ಕೆ ದೇವರ ರುಜುವನ್ನು ಕೇಳುವುದಲ್ಲ. ದಿನಕ್ಕೆ ಕಾಲು ಗಂಟೆಯಾದರೂ ಮೊಬೈಲನ್ನು ದೂರವಿಟ್ಟು ಸುಮ್ಮನೆ ಕುಳಿತಿರಲು ಹುಡುಗಿಗೆ ಮನೆಯಲ್ಲಿ ಸ್ಥಳವನ್ನೂ ಬಿಡುವನ್ನೂ ಕೊಡಿರಿ. ಜೊತೆಗೆ ಸಭಾಪಾಲಕರನ್ನೂ, ಉಪಾಧ್ಯಾಯಿನಿಯರನ್ನೂ, ಆ ಕೆಲಸದಲ್ಲಿಯೇ ಇರುವ ಹೆಂಗಸೊಬ್ಬಳನ್ನೂ ಅವಳು ಕೇಳಲಿ. ಬೇರೆ ಬೇರೆಯವರು ಅವಳಲ್ಲಿ ಒಂದೇ ಗುಣವನ್ನು ಕಂಡರೆ ಅದನ್ನು ಹಗುರವಾಗಿ ಎಣಿಸಬಾರದು.

ಇಷ್ಟೆಲ್ಲ ಉಪದೇಶ ಮಾಡಿದ ನಾವು ನಮ್ಮ ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ನಾವು ಉಪಾಧ್ಯಾಯಿನಿಯಾಗಿ ಬಂದ ಹೊಸದರಲ್ಲಿ ತರೀಕೆರೆಯ ಕಡೆಯ ಒಬ್ಬ ಹುಡುಗಿ ವಿದ್ಯಾರ್ಥಿನಿಲಯದಲ್ಲಿದ್ದಳು. ಭಕ್ತಿವಂತೆ, ವಿಧೇಯಳು, ಯಾರಿಗೆ ಜ್ವರ ಬಂದರೂ ಪಕ್ಕದಲ್ಲಿ ಕುಳಿತಿರುವಳು. ದಾದಿಯಾಗುವುದೇ ಇವಳಿಗೆ ದೇವರ ಕರೆಯೆಂದು ನಾವು ನಿಶ್ಚಯಿಸಿಬಿಟ್ಟೆವು. ಅವಳ ತಾಯಿಗೂ ಹಾಗೆಯೇ ಬೋಧಿಸಿದೆವು. ಒಂದು ಸಲ ಸಹಪಾಠಿಯ ಕಾಲಿಗೆ ಗಾಜು ಚುಚ್ಚಿದಾಗ ರಕ್ತ ನೋಡಿ ಅವಳು ತಲೆಸುತ್ತಿ ಬಿದ್ದುದನ್ನು ನಾವು ಕಂಡೂ ಕಾಣದಂತಿದ್ದೆವು. ತರಬೇತಿಗೆ ಸೇರಿದ ಐದನೆಯ ತಿಂಗಳಲ್ಲಿ ಅವಳು ಹಿಂದಿರುಗಿದಳು. ಬಿಟ್ಟುಬಂದುದಕ್ಕಿಂತಲೂ, ತಾನು ದೇವರಿಗೆ ಅವಿಧೇಯಳಾದೆನೆಂಬ ಭಯವೇ ಅವಳನ್ನು ಹಣ್ಣುಮಾಡಿತ್ತು. ಎರಡು ವರ್ಷ ಅವಳು ದೇವಾಲಯದ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಿದ್ದಳು. ನಾವು ಅವಳ ಮನೆಗೆ ಹೋಗಿ, “ತಪ್ಪು ನಿನ್ನದಲ್ಲ ಮಗೂ, ನಮ್ಮದು, ದೇವರು ಹೇಳಿದನೆಂದು ಹೇಳಿದವರು ನಾವು” ಎಂದು ಕ್ಷಮೆ ಬೇಡಿದೆವು. ಆಮೇಲೆ ಅವಳು ವಾಣಿಜ್ಯವನ್ನು ಓದಿ ಈಗ ಲೆಕ್ಕಪತ್ರದ ಕೆಲಸದಲ್ಲಿರುವಳು. ರೋಗಿಗಳ ಪಕ್ಕದಲ್ಲಿ ಕುಳಿತಿರುವ ಗುಣವೂ ಹೋಗಿಲ್ಲ. ಅಂದಿನಿಂದ ‘ಇದು ನಿನಗೆ ದೇವರ ಚಿತ್ತ’ ಎಂಬ ಮಾತನ್ನು ನಾವು ಯಾವ ಹುಡುಗಿಗೂ ಹೇಳಿಲ್ಲ.

ಇನ್ನೊಂದು ಸಂಗತಿ. ಇದು ಹದಿನೇಳು ವರ್ಷಗಳ ಹಿಂದಿನ ಮಾತು. ನಮ್ಮಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾಗಿ ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ಅಜ್ಜಂಪುರದ ಕಡೆಯ ಹುಡುಗಿಯೊಬ್ಬಳ ತಂದೆ ಲಗ್ನಪತ್ರಿಕೆಯನ್ನು ಹಿಡಿದು ಬಂದರು. ಅವಳಿಗೆ ಆಗತಾನೆ ಹದಿನೆಂಟು ತುಂಬಿತ್ತು. ಪರೀಕ್ಷೆಗೆ ಎರಡು ತಿಂಗಳಿತ್ತು. “ಒಳ್ಳೆಯ ಸಂಬಂಧ ತಾನಾಗಿಯೇ ಬಂದಿದೆ, ದೇವರ ಚಿತ್ತ” ಎಂದರು. “ಮಗಳನ್ನು ಕೇಳಿದಿರಾ?” ಎಂದೆವು. “ಅವಳನ್ನೇನು ಕೇಳುವುದು ಟೀಚರಮ್ಮಾ, ಅವಳು ಇಲ್ಲವೆನ್ನುವವಳಲ್ಲ” ಎಂದರು. ನಾವು ಪರೀಕ್ಷೆಯವರೆಗಾದರೂ ಕಾಯಿರೆಂದು ಬೇಡಿಕೊಂಡೆವು. ಫಲವಾಗಲಿಲ್ಲ. ಅವರು ಕೆಟ್ಟ ತಂದೆಯಲ್ಲ. ಸಾಲ ಮಾಡಿ ಮಗಳನ್ನು ಓದಿಸಿದವರು. ಮೂವರು ಹೆಣ್ಣುಮಕ್ಕಳ ತಂದೆಗಿರುವ ಭಯವು ನಮಗೂ ತಿಳಿಯದ್ದಲ್ಲ. ಆದರೂ ಭಯಕ್ಕೆ ಭಯವೆಂದೇ ಹೆಸರಿಡಬೇಕು, ದೇವರ ಚಿತ್ತವೆಂದು ಹೆಸರಿಡಬಾರದು.

ಹೋದ ವರ್ಷ ಜೂನ್ ತಿಂಗಳಿನಲ್ಲಿ ಆ ಹುಡುಗಿ ನಮ್ಮ ಕಚೇರಿಗೆ ಬಂದಳು. ಈಗ ಅವಳು ಗೃಹಿಣಿ, ತಾಯಿ. ಎಂಟನೆಯ ತರಗತಿಗೆ ಸೇರಿಸಲು ಮಗಳನ್ನು ಕರೆತಂದಿದ್ದಳು. ಅರ್ಜಿಯನ್ನು ತುಂಬಿದ ಮೇಲೆ ಮಗಳ ಹೆಗಲ ಮೇಲೆ ಕೈಯಿಟ್ಟು ನಮ್ಮ ಮೇಜಿನ ಮುಂದಕ್ಕೆ ನಿಲ್ಲಿಸಿ, “ಟೀಚರಮ್ಮಾ, ನನ್ನನ್ನು ಯಾರೂ ಕೇಳಲಿಲ್ಲ. ಇವಳನ್ನು ನೀವು ಕೇಳಿ. ನಾನೂ ಕೇಳುತ್ತೇನೆ” ಎಂದಳು. ಗಂಡನು ಒಳ್ಳೆಯವನೆಂದೂ ಮನೆಯಲ್ಲಿ ಕೊರತೆಯಿಲ್ಲವೆಂದೂ ಅವಳೇ ಹೇಳಿದಳು. ಆದರೂ ಬರೆಯದೆ ಉಳಿದ ಆ ಪರೀಕ್ಷೆಯ ಪ್ರವೇಶಪತ್ರವನ್ನು ಇನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವಳಂತೆ.

ನಾವು ಮದುವೆಯನ್ನು ಹಗುರ ಮಾಡುವವರಲ್ಲ. ಸಂಸಾರವೂ ಕರೆಯೇ, ಮಕ್ಕಳನ್ನು ಸತ್ಯದಲ್ಲಿ ಬೆಳೆಸುವುದಕ್ಕಿಂತ ದೊಡ್ಡ ಉದ್ಯೋಗವು ನಮಗೆ ತಿಳಿಯದು. ಆದರೆ ಕರೆಯಲ್ಪಟ್ಟವಳು ಉತ್ತರ ಕೊಡಬೇಕಾದರೆ ಅವಳಿಗೆ ಮೊದಲು ಕರೆಯು ಕೇಳಿಸಬೇಕು. ಹದಿನೆಂಟು ತುಂಬಿದ ಮಾತ್ರಕ್ಕೆ ಕಾನೂನಿನ ಲೆಕ್ಕ ಸರಿಹೋಗಬಹುದು, ಮನಸ್ಸಿನ ಲೆಕ್ಕ ಸರಿಹೋಗುವುದಿಲ್ಲ. ಈಗ ದಾರಿಗಳೂ ಹಿಂದಿನಂತಿಲ್ಲ. ೨೦೧೩ರಿಂದ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಓಡುತ್ತಿದೆ. ಅಜ್ಜಂಪುರವು ತಾನೇ ಒಂದು ತಾಲ್ಲೂಕಾಗಿದೆ. ಕಾಲೇಜು ದೂರವೆಂಬ ಹಳೆಯ ನೆಪವು ದಿನದಿನಕ್ಕೆ ಸವೆಯುತ್ತಿದೆ.

ಪರೀಕ್ಷೆಯಲ್ಲಿ ಸೋತ ಮಕ್ಕಳ ವಿಷಯವಾಗಿ ಒಂದು ಮಾತು ಹೇಳದೆ ಮುಗಿಸಲಾರೆವು. ಗೆದ್ದವಳಿಗೆ ‘ದೇವರು ಆಶೀರ್ವದಿಸಿದನು’ ಎಂದು ಸಭೆಯಲ್ಲಿ ಕೃತಜ್ಞತಾಸ್ತುತಿ ಮಾಡುತ್ತೇವೆ. ಸೋತವಳು ಅದೇ ಆರಾಧನೆಯಲ್ಲಿ ಕುಳಿತಿರುತ್ತಾಳಲ್ಲವೇ? ದೇವರು ತನ್ನನ್ನು ಕೈಬಿಟ್ಟನೆಂದು ಅವಳು ತಿಳಿದರೆ ತಪ್ಪು ಯಾರದು? ಅವಳ ಹೆಸರನ್ನೂ ಪ್ರಾರ್ಥನೆಯಲ್ಲಿ ಸೇರಿಸಿರಿ. ಮತ್ತೊಮ್ಮೆ ಪರೀಕ್ಷೆಗೆ ಕುಳ್ಳಿರಿಸಿರಿ. ಕೈಕೆಲಸವನ್ನು ಕಲಿಯುವೆನೆಂದರೆ ಕೀಳೆಂದೆಣಿಸದೆ ಕಳುಹಿಸಿರಿ. ನಮ್ಮ ಕರ್ತನು ಬಡಗಿಯ ಮನೆಯಲ್ಲಿ ಬೆಳೆದವನೆಂಬುದು ಕ್ರಿಸ್‌ಮಸ್ಸಿನ ದಿನ ಮಾತ್ರ ನೆನಪಿಗೆ ಬರಬಾರದು.

ಕಡೆಯದಾಗಿ ನಮ್ಮ ಬಿನ್ನಹಗಳು. ಪೂರ್ವವಿದ್ಯಾರ್ಥಿನಿಯರೇ, ನೀವು ಶಾಲೆಗೆ ಕಳುಹಿಸುವ ಕಾಣಿಕೆಗಾಗಿ ಕೃತಜ್ಞರಾಗಿರುವೆವು. ಆದರೆ ವರ್ಷದಲ್ಲಿ ಒಂದು ದಿನ ನೀವೇ ಬಂದು, ಹತ್ತನೆಯ ತರಗತಿಯ ಮಕ್ಕಳ ಮುಂದೆ ಕುಳಿತು, ನಿಮ್ಮ ಕೆಲಸದ ಸುಖವನ್ನೂ ದುಃಖವನ್ನೂ ಉಳ್ಳದ್ದು ಉಳ್ಳಹಾಗೆ ಹೇಳಿರಿ. ಸಾಧ್ಯವಾದರೆ ರಜೆಯಲ್ಲಿ ಒಬ್ಬ ಹುಡುಗಿಯನ್ನು ನಿಮ್ಮ ಕೆಲಸದ ಸ್ಥಳಕ್ಕೆ ಕರೆದುಕೊಂಡು ಹೋಗಿರಿ. ಮನೆಯಲ್ಲಿಯೇ ಇರುವವರೂ ಸಂಕೋಚಪಡದೆ ಬನ್ನಿರಿ. ಸಭಾಪಾಲಕರೇ, ಸ್ಥಿರೀಕರಣದ ತರಗತಿಯಲ್ಲಿ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿಸಿದ ಮೇಲೆ ಒಂದು ಸಂಜೆಯನ್ನು ಮಕ್ಕಳ ಸ್ವಂತ ಪ್ರಶ್ನೆಗಳಿಗೆ ಬಿಡಿರಿ. ತಂದೆತಾಯಿಗಳೇ, ಫಲಿತಾಂಶ ಬರುವುದಕ್ಕೆ ಮೊದಲೇ, ಊಟವಾದ ಮೇಲೆ ಒಂದು ದಿನ ಮಗಳನ್ನು ಮೂರು ಮಾತು ಕೇಳಿರಿ: ನಿನಗೆ ಯಾವ ಕೆಲಸ ಮಾಡುವಾಗ ಹೊತ್ತು ಹೋದುದೇ ತಿಳಿಯುವುದಿಲ್ಲ? ಯಾರ ಕಷ್ಟವನ್ನು ನೋಡಿ ನಿನಗೆ ಸುಮ್ಮನಿರಲಾಗುವುದಿಲ್ಲ? ನಮಗೆ ಹೇಳಲು ನೀನು ಹೆದರುತ್ತಿರುವುದು ಏನಾದರೂ ಉಂಟೇ? ಮೂರನೆಯ ಪ್ರಶ್ನೆಗೆ ಉತ್ತರ ಬರುವುದು ತಡವಾಗಬಹುದು. ಆದರೂ ಕಾಯಿರಿ.

ಮುಂದಿನ ವರ್ಷ ಫಲಿತಾಂಶದ ಮಾರನೆಯ ದಿನ ನೀವು ಬರುವಾಗ ನಮ್ಮ ಕಚೇರಿಯಲ್ಲಿ ಒಂದು ಕುರ್ಚಿ ಹೆಚ್ಚಾಗಿರುವುದು. ಅದು ನಿಮ್ಮ ಮಗಳಿಗಾಗಿ. ಅವಳು ಅದರಲ್ಲಿ ಕುಳಿತು ತಾನೇ ಮೊದಲು ಮಾತನಾಡಲಿ. ದೇವರು ಅವಳ ಮಾತನ್ನೂ ನಮ್ಮ ಕಿವಿಗಳನ್ನೂ ಆಶೀರ್ವದಿಸಲೆಂದು ಬೇಡುವೆವು.